ಬಾಣಂತನಕ್ಕೆ ಕರೆಯದ ಅವ್ವ

ರಾಮಾಪುರ
12 ಜೂನ್ 2023

ಅವ್ವ,

ಕ್ಷೇಮಸಮಾಚಾರವನ್ನೆಲ್ಲ ನಿನ್ನೆಯೇ ಅಪ್ಪನ ಫೋನಿನಲ್ಲಿ ಹೇಳಿ ಮುಗಿಸಿದ್ದೇನೆ. ಅಪ್ಪ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಅಂಗಡಿ ಮುಂದೆ ಕೂರುವುದರಿಂದ, ನನಗೆ ವಾಂತಿ ನಿಂತದ್ದು, ಹುಣಸೆಕಾಯಿ ಬೇಕೆನಿಸಿದ್ದು ಎಲ್ಲವೂ ಯಳಂದೂರಿನ ಅರ್ಧ ಬೀದಿಗೆ ಗೊತ್ತಾಗಿರಬೇಕು. ಆ ಕಡೆಯಿಂದ ಯಾರೋ ಗಂಡಸರು "ಗಂಡು ಕೂಸೇ ಕಣ್ರಿ ಸದಾಶಿವಪ್ಪೋರೆ" ಅಂದದ್ದು ನನಗೂ ಕೇಳಿಸಿತು. ನನ್ನ ಬಸಿರಿಗೆ ಪಂಚಾಯಿತಿ ಸೇರಿಸಿ ಕೂತಿದ್ದಾನೆ ನಿನ್ನ ಗಂಡ! ಅದಕ್ಕೇ ಇನ್ನು ಮೇಲೆ ಮನೆಯ ಮಾತಿಗೆಲ್ಲ ಕಾಗದವೇ ಸರಿ. ನೀನು ಏಳನೇ ಕ್ಲಾಸು ಓದಿದ್ದೂ ಉಪಯೋಗಕ್ಕೆ ಬಂದ ಹಾಗಾಗುತ್ತದೆ.

ಈಗ ಐದು ತುಂಬಿದೆ. ಏಳನೇ ತಿಂಗಳಿಗೆ ಮಡಿಲು ತುಂಬಿ ಕರೆದುಕೊಂಡು ಹೋಗುತ್ತೀರಿ ತಾನೆ? ಚೊಚ್ಚಲು ತವರಲ್ಲೇ ಆಗಬೇಕು ಅಂತ ಇಲ್ಲಿ ಮಾವನೂ ಹೇಳುತ್ತಿದ್ದಾರೆ. ಅತ್ತೆ ಇದ್ದಿದ್ದರೆ ಬೇರೆ ಮಾತು. ಈಗ ಈ ಮನೆಯಲ್ಲಿ ಹೆಂಗಸು ಅಂತ ಇರುವುದು ನಾನೊಬ್ಬಳೇ. ನಿನ್ನ ಅಳಿಯ ಮಲ್ಲಿಕಾರ್ಜುನಸ್ವಾಮಿಗಳು ಹನೂರಿನ ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಸಂಭಾಳಿಸುತ್ತಾರಂತೆ, ಮನೆಯಲ್ಲಿ ಒಂದು ಲೋಟ ಕಾಫಿ ಸೋಸಲು ಬರುವುದಿಲ್ಲ.

ನಿನಗೊಂದು ವಿಷಯ ಹೇಳಬೇಕು. ನಮ್ಮ ಆರೋಗ್ಯ ಉಪಕೇಂದ್ರದ ಹಿಂದಿನ ಬೀದಿಯಲ್ಲಿ ದೊಡ್ಡಮಾದಮ್ಮ ಅಂತ ಒಬ್ಬಳು ಮುದುಕಿ ಇದ್ದಾಳೆ. ಊರ ಕೂಸುಗಳಿಗೆಲ್ಲ ನೀರೆರೆಯುವುದು ಇವಳೇ, ಅಲ್ಲಿ ನೀನು ಇದ್ದ ಹಾಗೆ. ಮೊನ್ನೆ ಬಾಣಂತಿಯೊಬ್ಬಳನ್ನು ನೋಡಲು ಹೋದರೆ ಇವಳು ಹದಿನೈದು ದಿನದ ಕೂಸಿನ ಮೂಗಿಗೆ ಹರಳೆಣ್ಣೆ ಬಿಡುತ್ತಿದ್ದಳು. ನನಗೆ ಮೈ ಉರಿದುಹೋಯಿತು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೂಸು ಉಳಿಯುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೆ! ಬೀದಿಯ ಹೆಂಗಸರೆಲ್ಲರ ಮುಂದೆಯೇ, "ಈ ಕೂಸು ಸತ್ತರೆ ನನ್ನ ಪುಸ್ತಕದಲ್ಲಿ ಕಾಯಿಲೆ ಅಂತ ಬರೆಯಲ್ಲ, ಕೊಲೆ ಅಂತಲೇ ಬರೆಯುತ್ತೇನೆ" ಅಂದೆ. ಮುದುಕಿ ಎಣ್ಣೆ ಬಟ್ಟಲು ಕೆಳಗಿಟ್ಟು ಎದ್ದುಹೋದಳು. ಇವರು "ಸ್ವಲ್ಪ ಜಾಸ್ತಿ ಆಯ್ತು" ಅಂದರು. ಆಗಲಿ ಬಿಡು, ಅಂಥವರಿಗೆ ಹಾಗೇ ಹೇಳಬೇಕು.

ಯಾವಾಗ ಬರುತ್ತೀರಿ ಅಂತ ಬರಿ.

ಇಂತಿ ನಿನ್ನ ಬಸುರಿ ಮಗಳು,
ಶೃತಿ


ಯಳಂದೂರು
30 ಜೂನ್ 2023

ಶೃತಿ,

ಕಾಗದ ತಲುಪಿತು. ನೀನು ಚೆನ್ನಾಗಿದ್ದೀಯ ಅಂತ ಓದಿ ಸಂತೋಷವಾಯಿತು. ಬಚ್ಚಲಮನೆ ಕುಸಿದು ಕೆಡವಿಸಿದ್ದೇವೆ, ಸರಿಹೋಗುವುದು ಯಾವ ಕಾಲಕ್ಕೋ. ನನಗೂ ಮಂಡಿ ನೋವು, ಕೂತರೆ ಏಳಲಾಗುವುದಿಲ್ಲ. ಈ ಸಲ ಅಲ್ಲೇ ಯಾರನ್ನಾದರೂ ಗೊತ್ತುಮಾಡಿಕೊಂಡರೆ ಒಳ್ಳೆಯದು. ಅಂಟಿನುಂಡೆ, ಹಳೇ ಮೆತ್ತನೆ ಸೀರೆಗಳು, ಬಜೆ ಕಟ್ಟಿ ಕಳಿಸುತ್ತೇನೆ. ಬಿಸಿಲಿನಲ್ಲಿ ಊರೂರು ತಿರುಗಬೇಡ.

ಅವ್ವ


ರಾಮಾಪುರ
18 ಜುಲೈ 2023

ಅವ್ವ,

ನಿನ್ನ ಎಂಟು ಸಾಲಿನ ಕಾಗದಕ್ಕೆ ಏನಂತ ಉತ್ತರ ಬರೆಯಲಿ? ಹದಿನೈದು ದಿನ ಕೋಪ ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ.

ಬಚ್ಚಲಮನೆ ಕೆಡವಿದ್ದಾರಂತೆ! ನಿನ್ನೆ ಅಪ್ಪನಿಗೆ ಫೋನ್ ಮಾಡಿದರೆ "ಈಗ್ತಾನೆ ಬಚ್ಚಲಿಂದ ಬಂದೆ ಕಣವ್ವ, ಬಿಸಿನೀರು ಬೋ ಚೆಂದಾಗಿತ್ತು" ಅಂತ ಸ್ಪೀಕರಿನಲ್ಲೇ ಹೇಳಿದ. ಸುಳ್ಳು ಹೇಳುವವರು ಗಂಡನಿಗಾದರೂ ಮೊದಲೇ ಹೇಳಿಕೊಟ್ಟಿರಬೇಕು. ಕರೆಯಲು ಯಾವಾಗ ಬರುತ್ತೀರಿ ಅಂತ ಕೇಳಿದೆ. ಅವನ ದನಿ ಇಳಿದುಹೋಯಿತು. "ನಿಮ್ಮವ್ವನ್ನೇ ಕೇಳು" ಅಂದ, ಕರೆಂಟು ಹೋಯಿತು ಅಂತ ಹೇಳಿ ಫೋನ್ ಇಟ್ಟ. ಕರೆಂಟಿಗೂ ಫೋನಿಗೂ ಏನು ಸಂಬಂಧ?

ನನಗೆ ನಾಚಿಕೆಯಾಗುತ್ತಿದೆ ಅವ್ವ. ನೀರು ಹಿಡಿಯುವಲ್ಲಿ ಎಲ್ಲರೂ "ತೌರಿಂದ ಯಾವಾಗ ಬತ್ತಾರೆ ನರ್ಸಮ್ಮ?" ಅಂತ ಕೇಳುತ್ತಾರೆ. ಅಮಾವಾಸ್ಯೆ ಕಳೆಯಲಿ ಅಂತ ಒಂದು ಸಲ ಹೇಳಿದೆ, ಇನ್ನೊಂದು ಸಲ ಆಷಾಢ ಅಂದೆ. ಇನ್ನೇನು ಹೇಳಲಿ? ಊರ ಮಕ್ಕಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ಎರೆದವಳು, ಸ್ವಂತ ಮಗಳ ಕೂಸನ್ನು ಎರೆಯುವುದಿಲ್ಲ ಅನ್ನುತ್ತೀಯಲ್ಲ. ನಾನು ಏನು ತಪ್ಪು ಮಾಡಿದೆ? ನಾನು ಹೆದರಿದ್ದೇನೆ ಅಂತ ನಿನಗೆ ಗೊತ್ತಾಗುವುದಿಲ್ಲವೇ? ನೂರು ಹೆರಿಗೆ ನೋಡಿದ್ದೇನೆ, ಎಲ್ಲ ಹೆಂಗಸರಿಗೂ ಧೈರ್ಯ ಹೇಳಿದ್ದೇನೆ. ನನ್ನದು ಅಂತ ಬಂದಾಗ ರಾತ್ರಿ ನಿದ್ದೆ ಬರುತ್ತಿಲ್ಲ.

ನಿಜ ಬರಿ. ಇಲ್ಲದಿದ್ದರೆ ಬರೆಯಲೇಬೇಡ.

ಶೃತಿ


ಯಳಂದೂರು
9 ಆಗಸ್ಟ್ 2023

ನನ್ನ ಕೂಸೇ,

ಬಚ್ಚಲಮನೆಯದು ಸುಳ್ಳು. ಮಂಡಿ ನೋವು ನಿಜ, ಆದರೆ ಅದು ಕಾರಣವಲ್ಲ. ಇದನ್ನು ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ಇವತ್ತು ನಿಮ್ಮಪ್ಪ ಕೊಳ್ಳೇಗಾಲಕ್ಕೆ ಅಂಗಡಿ ಸಾಮಾನು ತರಲು ಹೋಗಿದ್ದಾನೆ, ಬರೆದು ಮುಗಿಸಿಬಿಡುತ್ತೇನೆ.

ಪಕ್ಕದ ಮನೆ ನಾಗಶ್ರೀ ನಿನಗೆ ನೆನಪಿರಲೇಬೇಕು. ಹತ್ತನೇ ಕ್ಲಾಸಿನವರೆಗೂ ಇಬ್ಬರೂ ನನ್ನ ಹತ್ತಿರವೇ ಜಡೆ ಹೆಣೆಸಿಕೊಂಡು ಹೋಗುತ್ತಿದ್ದಿರಿ. ನೀನು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ, 2016ರಲ್ಲಿ, ಅವಳು ಬಾಣಂತನಕ್ಕೆ ಇಲ್ಲಿಗೆ ಬಂದಿದ್ದಳು. ಹೆಣ್ಣು ಕೂಸು. ಇಪ್ಪತ್ತಾರು ದಿನಕ್ಕೆ ಹೋಯಿತು. ನಿನಗೆ ನಾನು ಉಬ್ಬಸ ಬಂದು ಹೋಯಿತು ಅಂತ ಹೇಳಿದ್ದೆ.

ಆ ಕೂಸಿಗೆ ಮೊದಲ ದಿನದಿಂದಲೂ ಎರೆದವಳು ನಾನು. ಒಳ್ಳೆ ಕೂಸು, ನೀರು ಬಿದ್ದರೆ ಅಳುತ್ತಲೇ ಇರಲಿಲ್ಲ. ಅವತ್ತು ಮೂಗು ಕಟ್ಟಿತ್ತು. ನಾವೆಲ್ಲ ಮಾಡುವ ಹಾಗೆಯೇ ಹರಳೆಣ್ಣೆ ಬೆಚ್ಚಗೆ ಮಾಡಿ ಮೂಗಿನ ಎರಡೂ ಕಡೆ ಬಿಟ್ಟು ಊದಿದೆ. ನಾಗಶ್ರೀಯ ಅವ್ವ ಹಿಂದೆ ನಿಂತಿದ್ದಳು. "ಇನ್ನೂ ಗೊರಗೊರ ಅಂತದೆ, ಇನ್ನೆಲ್ಡು ತೊಟ್ಟು ಬುಡಕ್ಕ" ಅಂದಳು. ಬಿಟ್ಟೆ. ಕೂಸು ಒಂದು ಸಲ ಕೆಮ್ಮಿ ಸುಮ್ಮನಾಯಿತು. ನಿಮ್ಮನ್ನೆಲ್ಲ ಹೀಗೇ ಸಾಕಿದ್ದೆ, ನನ್ನನ್ನೂ ನಮ್ಮವ್ವ ಹೀಗೇ ಸಾಕಿದ್ದಳು. ನನಗೆ ಏನೂ ಅನ್ನಿಸಲಿಲ್ಲ.

ಮಾರನೆಯ ದಿನ ಉಸಿರು ಎಳೆಯಲು ಶುರುವಾಯಿತು. ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಹೊರಗೆ ಬಂದು "ಮೂಗಿಗೆ ಎಣ್ಣೆ ಬಿಟ್ಟೋರು ಯಾರು?" ಅಂದರು. ನಾಗಶ್ರೀಯ ಅವ್ವ ನೆಲ ನೋಡಿದಳು, ನಾನೂ ನೆಲ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ ಕೂಸು ಹೋಯಿತು. ಹೂತು ಬಂದ ಮೇಲೆ ಅವಳು ನಮ್ಮ ಅಡುಗೆಮನೆಗೆ ಬಂದು "ಇದು ನಮ್ಮಿಬ್ರಲ್ಲೇ ಇರ್ಲಿ ಬಸವಕ್ಕ, ಎಣ್ಣೆಯಿಂದ್ಲೇ ಅಂತ ನಾಗಶ್ರೀಗೆ ಗೊತ್ತಾದ್ರೆ ನನ್ನ ಮಕ ನೋಡಲ್ಲ" ಅಂದಳು. ಹೋದ ವರ್ಷ ಅವಳೂ ತೀರಿಕೊಂಡಳು. ಈಗ ನನ್ನೊಬ್ಬಳಲ್ಲೇ ಉಳಿದಿದೆ. ನಿಮ್ಮಪ್ಪನಿಗೆ ಸ್ವಲ್ಪ ಗೊತ್ತು, ಪೂರ್ತಿ ಇಲ್ಲ.

ಏಳು ವರ್ಷದಿಂದ ನಾನು ಒಂದು ಕೂಸನ್ನೂ ಮುಟ್ಟಿಲ್ಲ. ಎರೆಯಲು ಕರೆದವರಿಗೆಲ್ಲ ಮಂಡಿ ನೋವು ಅಂದೆ. ನಾಮಕರಣಕ್ಕೆ ಹೋದರೆ ಎಲೆ ಅಡಿಕೆ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ನಿಂತಿರುತ್ತೇನೆ, ಯಾರೂ ಕೂಸನ್ನು ನನ್ನ ಕೈಗೆ ಕೊಡದ ಹಾಗೆ. ಅಕಸ್ಮಾತ್ ಕೊಡಲು ಬಂದರೆ ಅಡುಗೆಮನೆಗೆ ಹೋಗಿಬಿಡುತ್ತೇನೆ. ಈ ಕೈಗೆ ಒಂದು ಕೂಸು ಸಾಕು ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ನಿನ್ನ ಜೂನ್ ತಿಂಗಳ ಕಾಗದದಲ್ಲಿ ಆ ಮುದುಕಿಗೆ ನೀನು ಅಂದ ಮಾತನ್ನು ಓದಿದೆ. ನನಗೇ ಅಂದ ಹಾಗಿತ್ತು. ನೀನು ಅಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ಕೂಸನ್ನು ನನ್ನ ಕಾಲ ಮೇಲೆ ಹೇಗೆ ಮಲಗಿಸಿಕೊಳ್ಳಲಿ, ನೀನೇ ಹೇಳು.

ನಿನ್ನ ಅವ್ವ,
ಬಸವಮ್ಮ


ರಾಮಾಪುರ
21 ಸೆಪ್ಟೆಂಬರ್ 2023

ಅವ್ವ,

ನಿನ್ನ ಕಾಗದ ಬಂದು ನಲವತ್ತು ದಿನವಾಯಿತು. ನಿಜ ಬರಿ ಅಂದವಳು ನಾನೇ, ಆದರೂ ಓದಿದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ.

ನೀನು ಮಾಡಿದ್ದು ತಪ್ಪು. ಗೊತ್ತಿಲ್ಲದೆ ಮಾಡಿದ್ದು ಅಂತಲೂ ನನಗೆ ಗೊತ್ತು. ಆದರೆ ಗೊತ್ತಾದ ಮೇಲೆ ಮುಚ್ಚಿಟ್ಟಿರಲ್ಲ, ಅದನ್ನು ನುಂಗಲು ನನ್ನಿಂದ ಆಗುತ್ತಿಲ್ಲ. ನಾಗಶ್ರೀ ಈಗ ಹನೂರಿನಲ್ಲಿದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ನನ್ನ ರವಿಕೆಗಳನ್ನು ಹೊಲಿದುಕೊಟ್ಟವಳೂ ಅವಳೇ. ಹೋದ ವಾರ ರವಿಕೆ ಸಡಿಲ ಮಾಡಿಸಲು ಹೋಗಬೇಕಿತ್ತು, ಅವಳ ಮುಖ ನೋಡಲಾರದೆ ಹೋಗಲಿಲ್ಲ.

ಕೊಳ್ಳೇಗಾಲದಲ್ಲಿ ಹೆರಿಗೆಗೆ ಹೇಳಿದ್ದಾರೆ, ಅಕ್ಟೋಬರ್ ಎರಡನೇ ವಾರ. ಅಲ್ಲಿಂದ ನೇರ ರಾಮಾಪುರಕ್ಕೇ ಬರುತ್ತೇನೆ. ನೀನು ಬರಬೇಕೆನಿಸಿದರೆ ಆಸ್ಪತ್ರೆಗೆ ಬಾ. ಕರೆಯುತ್ತಲೂ ಇಲ್ಲ, ಬೇಡ ಅನ್ನುತ್ತಲೂ ಇಲ್ಲ.

ಶೃತಿ


ಯಳಂದೂರು
16 ಅಕ್ಟೋಬರ್ 2023

ಶೃತಿ,

ನಾನು ಆಸ್ಪತ್ರೆಗೆ ಬಂದಿದ್ದೆ. ಅಳಿಯಂದಿರು ಹೇಳಿದರೋ ಇಲ್ಲವೋ. ನೀನು ನಿದ್ದೆ ಮಾಡುತ್ತಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕವಳಿದ್ದಾಗಿನ ಹಾಗೆಯೇ. ಅಳಿಯಂದಿರು ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಮುಂದೆ ಹಿಡಿದು "ಎತ್ಕೊಳ್ಳಿ ಅತ್ತೆ, ನಿಮ್ಮ ಮೊಮ್ಮಗ" ಅಂದರು. ಮನೆಯಿಂದ ಹೊರಟಾಗಿನಿಂದ ದಾರಿಯುದ್ದಕ್ಕೂ ಎತ್ತಿಕೊಳ್ಳುತ್ತೇನೆ ಅಂತಲೇ ಹೇಳಿಕೊಂಡು ಬಂದಿದ್ದೆ. ನನ್ನ ಎರಡು ಕೈಯೂ ಬೆನ್ನ ಹಿಂದೆ ಹೋದವು. ಅವರು ಕೂಸನ್ನು ಹಿಡಿದುಕೊಂಡು ನಿಂತೇ ಇದ್ದರು, ನಾನೂ ನಿಂತೇ ಇದ್ದೆ. ಪಕ್ಕದ ಮಂಚದ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಫ್ಲಾಸ್ಕು, ಅಂಟಿನುಂಡೆ ಡಬ್ಬ ಅಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಹೇಳಿ ಬಂದುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಕೂಸು ನಿನ್ನ ಹಾಗೇ ಇದೆ. ಹಣೆ ಮಾತ್ರ ಅವರದು.

ಅವ್ವ


ರಾಮಾಪುರ
3 ಡಿಸೆಂಬರ್ 2023

ಅವ್ವ,

ನೀನು ಬಂದಿದ್ದಾಗ ನಾನು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಎತ್ತಿಕೊಳ್ಳುತ್ತೀಯೋ ಇಲ್ಲವೋ ನೋಡೋಣ ಅಂತ ಇದ್ದೆ. ನೀನು ಹೋದ ಮೇಲೆ ಎಷ್ಟು ಅತ್ತೆ ಅಂದರೆ, ವಾರ್ಡಿನ ನರ್ಸು ಬಂದು ಬೈದಳು.

ಈಗ ನನ್ನ ಕಥೆ ಕೇಳು. ಬೇಕಾದರೆ ನಗು. ಊರಿನ ಬಾಣಂತಿಯರಿಗೆಲ್ಲ ಕೂಸು ತೊಳೆಯುವುದು ಹೇಗೆ ಅಂತ ಬೊಂಬೆ ಇಟ್ಟು ತೋರಿಸುವ ನಾನು, ನನ್ನ ಕೂಸಿಗೆ ಹತ್ತು ದಿನ ನೀರೇ ಹಾಕಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟೆ. ಮೊದಲ ಸಲ ಟಬ್ಬಿಗೆ ಇಳಿಸಿದಾಗ ಕೈಯಿಂದ ಜಾರಿತು, ನೀರು ಮೂಗಿಗೆ ಹೋಯಿತು. ಒಂದು ಕ್ಷಣ ಉಸಿರು ಕಟ್ಟಿ ಮುಖ ಕೆಂಪಾಯಿತು, ಆಮೇಲೆ ಕಿರುಚಿಕೊಂಡಿತು. ಏನೂ ಆಗಲಿಲ್ಲ. ಆದರೆ ಆ ಒಂದು ಕ್ಷಣದಲ್ಲಿ ನನಗೆ ನೀನು ಬರೆದದ್ದೆಲ್ಲ ನೆನಪಾಯಿತು. ಅವತ್ತು ಆಗಬಾರದ್ದು ಆಗಿಹೋಗಿದ್ದರೆ ನನ್ನ ಪುಸ್ತಕದಲ್ಲಿ ಏನಂತ ಬರೆದುಕೊಳ್ಳುತ್ತಿದ್ದೆ?

ಮಾರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ದೊಡ್ಡಮಾದಮ್ಮ ನಿಂತಿದ್ದಳು. ನಾನು ಬೀದಿಯಲ್ಲಿ ಮಾನ ಕಳೆದಿದ್ದೆನಲ್ಲ, ಅವಳೇ. ಸೆರಗು ಸಿಕ್ಕಿಸಿಕೊಂಡು "ನೀರು ಕಾದದಾ?" ಅಂದಳು. ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. "ಎಣ್ಣೆ ಬುಡಕಿಲ್ಲ ಕಣವ್ವ, ಎದುರ್ಕಬ್ಯಾಡ. ಏಳುದ್ರೆ ಕೇಳ್ತೀನಿ, ನಾನೇನು ಬುದ್ದಿ ಇಲ್ದೋಳಾ? ಮೆಲ್ಲಕೆ ಏಳ್ಬೇಕಿತ್ತು, ಅಷ್ಟೇಯ" ಅಂದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದಳು. ನಾನು ಹೊಸಿಲ ಮೇಲೆ ಕೂತು ಅತ್ತೆ.

ನಿನ್ನ ಮೇಲೆ ಕೋಪ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕೊಲೆ ಅನ್ನುವ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನೀನೂ ನಿನ್ನ ಬಗ್ಗೆ ಆ ಮಾತು ಆಡಬೇಡ.

ಈಗ ಮುಖ್ಯ ವಿಷಯ. ಏಪ್ರಿಲ್ ಮೊದಲ ವಾರ ನನ್ನ ರಜೆ ಮುಗಿಯುತ್ತದೆ. ದೊಡ್ಡಮಾದಮ್ಮನಿಗೆ ಕಣ್ಣು ಮಂಜು, ದಿನವಿಡೀ ನೋಡಿಕೊಳ್ಳಲು ಆಗುವುದಿಲ್ಲ. ತಾಳವಾಡಿಯಲ್ಲಿರುವ ಇವರ ಅಕ್ಕ, ಕೂಸನ್ನು ನನ್ನ ಹತ್ತಿರ ಬಿಡು, ಮೂರು ವರ್ಷ ಸಾಕಿ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಮಕ್ಕಳಿಲ್ಲ. ಇವರಿಗೂ ಒಪ್ಪಿಗೆ. ನನಗೆ ತಿಂಗಳಿಗೊಂದು ಸಲ ನೋಡಲು ಸಿಕ್ಕಿದರೆ ಹೆಚ್ಚು. ನೀನು ಬಂದು ಇಲ್ಲಿದ್ದರೆ ಕೂಸು ನನ್ನ ಹತ್ತಿರ ಉಳಿಯುತ್ತದೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ. ಅವ್ವ, ಬಾ.

ನಿನ್ನ
ಶೃತಿ


ಯಳಂದೂರು
20 ಜನವರಿ 2024

ಶೃತಿ,

ನಿನ್ನ ಕಾಗದಕ್ಕೆ ಉತ್ತರ ಬರೆಯುವ ಮೊದಲು ಒಂದು ಕಡೆ ಹೋಗಿಬರಬೇಕಿತ್ತು. ಸಂಕ್ರಾಂತಿ ಕಳೆದು ಮೂರನೇ ದಿನ ಹನೂರಿಗೆ ಹೋಗಿದ್ದೆ, ನಾಗಶ್ರೀ ಮನೆಗೆ.

ಎಳ್ಳುಬೆಲ್ಲದ ನೆಪ ಮಾಡಿಕೊಂಡು ಹೋದೆ. ಅವಳು ಮಿಷನ್ನಿನ ಮುಂದೆ ಕೂತಿದ್ದಳು, ಆಮೇಲೆ ಹುಟ್ಟಿದ ಮಗ, ನಾಲ್ಕು ವರ್ಷದವನು, ಕೆಳಗೆ ಬಟ್ಟೆ ಚೂರು ಆಯುತ್ತಿದ್ದ. "ಬನ್ನಿ ದೊಡ್ಡವ್ವ, ಏನ್ ಅಪರೂಪ" ಅಂದಳು. ನಾನು ಕೂರಲೂ ಇಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಎಣ್ಣೆ ಬಿಟ್ಟವಳು ನಾನು, ಡಾಕ್ಟರು ಕೇಳಿದಾಗ ಬಾಯಿ ಬಿಡದವಳೂ ನಾನು, ಕ್ಷಮಿಸು ಅಂದೆ. ಅವರ ಅವ್ವನ ಹೆಸರು ಎತ್ತಲಿಲ್ಲ.

ಅವಳು ಮಿಷನ್ನಿನಿಂದ ಕಾಲು ತೆಗೆಯಲೇ ಇಲ್ಲ. "ನಂಗೆ ಗೊತ್ತಿತ್ತು ದೊಡ್ಡವ್ವ. ಡಾಕ್ಟ್ರು ಅವತ್ತೇ ನಂಗೆ ಏಳುದ್ರು" ಅಂದಳು. ಏಳು ವರ್ಷದಿಂದ ಗೊತ್ತಂತೆ! ಮತ್ತೆ ಯಾಕವ್ವ ಒಂದು ಮಾತೂ ಕೇಳಲಿಲ್ಲ ಅಂದೆ.

"ಕೇಳಿ ಏನ್ಮಾಡ್ಲಿ? ನೀವು ಎಣ್ಣೆ ಬುಟ್ರಿ, ನಮ್ಮವ್ವ ಬುಡು ಅಂದ್ಲು, ಕೂಸು ತಲೆ ಅಲ್ಲಾಡ್ಸದಂಗೆ ಗಟ್ಟಿಯಾಗಿ ಇಡ್ಕಂಡಿದ್ದೋಳು ನಾನು. ನಿಮಗೆ ನೆಪ್ಪಿಲ್ವಾ? ಮೂರ್ ಜನ ಇದ್ದೊ ಆ ಬಚ್ಚಲಲ್ಲಿ. ನಾನು ಯಾರ್ನ ಕ್ಷಮಿಸ್ಲಿ ಏಳಿ."

ನನಗೆ ನಿಜವಾಗಿಯೂ ನೆನಪಿರಲಿಲ್ಲ ಶೃತಿ. ನನ್ನ ಕೈಯೊಂದೇ ನೆನಪಿತ್ತು.

ನಾನು ಅಳಲು ಶುರುಮಾಡಿದೆ. ಅವಳಿಗೆ ಸಿಟ್ಟು ಬಂತು. "ಅಳ್ಬ್ಯಾಡಿ. ನನ್ ಮುಂದೆ ಅತ್ರೆ ನಿಮ್ಮನ್ನ ನಾನೇ ಸಮಾಧಾನ ಮಾಡ್ಬೇಕಾಯ್ತದೆ, ನನ್ ಕೈಲಾಗಲ್ಲ. ನನ್ ಕೈಯ ನಾನೇನು ಕಡ್ದಾಕಿಲ್ಲ ದೊಡ್ಡವ್ವ. ಇದೇ ಕೈಲಿ ಬಟ್ಟೆ ಒಲೀತೀನಿ, ಇವನ್ಗೆ ಉಣ್ಣುಸ್ತೀನಿ. ನೀವು ನಿಮ್ ಪಾಡಿಗೆ ಬದೀಕಳಿ, ನಾನು ಬ್ಯಾಡ ಅನ್ನಲ್ಲ. ಕ್ಷಮ್ಸಿದೀನಿ ಅಂತ ಮಾತ್ರ ನನ್ ಬಾಯಲ್ಲಿ ಏಳುಸ್ಬ್ಯಾಡಿ" ಅಂದಳು.

ಕಾಫಿ ಕೊಟ್ಟಳು. ಕುಡಿದು ಬಂದೆ. ಎಳ್ಳುಬೆಲ್ಲವನ್ನು ಅವಳು ತೆಗೆದುಕೊಳ್ಳಲಿಲ್ಲ, ಮಗನ ಕೈಗೂ ಕೊಡಿಸಲಿಲ್ಲ.

ಹೇಳಿಬಂದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಏನೂ ಹಗುರಾಗಿಲ್ಲ. ಆದರೂ ಮಾರ್ಚ್ ಕೊನೆಗೆ ಬರುತ್ತೇನೆ. ಎತ್ತಿಕೊಳ್ಳುತ್ತೇನೆ ಅಂತ ಮಾತು ಕೊಡಲಾರೆ. ಅಡುಗೆ ಮಾಡುತ್ತೇನೆ, ತೊಟ್ಟಿಲು ತೂಗುತ್ತೇನೆ. ಉಳಿದದ್ದು ಅಲ್ಲಿಗೆ ಬಂದ ಮೇಲೆ ನೋಡೋಣ.

ಅವ್ವ


ರಾಮಾಪುರ
22 ಏಪ್ರಿಲ್ 2024

ಅವ್ವ,

ನಿನ್ನನ್ನು ಬಸ್ಸು ಹತ್ತಿಸಿ ಹನ್ನೊಂದು ದಿನವಾಯಿತು. ಮೊದಲು ನಿನಗೆ ತಿಳಿಯಬೇಕಾದದ್ದು: ಕೂಸಿನ ತಲೆಗೆ ಏನೂ ಆಗಿಲ್ಲ. ಕೊಳ್ಳೇಗಾಲದಲ್ಲಿ ತೋರಿಸಿದೆ. ಹಣೆಯ ಮೇಲಿನ ಊತವೂ ಇಳಿದಿದೆ.

ಅವತ್ತು ಉಪಕೇಂದ್ರದಲ್ಲಿ ಲಸಿಕೆಯ ದಿನ, ನಲವತ್ತು ಮಕ್ಕಳು. ಮನೆಗೆ ಬಂದರೆ ಕೂಸು ದೊಡ್ಡಮಾದಮ್ಮನ ಹೆಗಲ ಮೇಲಿತ್ತು, ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ನೀನು ಮೂಲೆಯಲ್ಲಿ ನಿಂತು "ಜಗುಲಿಯಿಂದ ಉರುಳಿ ಬಿತ್ತು, ನಾನು ಪಕ್ಕದಲ್ಲೇ ಇದ್ದೆ, ಕೈ ಬರಲಿಲ್ಲ" ಅಂದೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ಎತ್ತಕಾಗ್ದಿದ್ಮೇಲೆ ಯಾಕ್ ಬಂದೆ? ಓಗವ್ವ, ನಿನ್ನ ಮನೆಗೆ ಓಗು" ಅಂದೆ. ದೊಡ್ಡಮಾದಮ್ಮ ಏನೋ ಹೇಳಲು ಬಂದಳು, ಅವಳ ಬಾಯಿಯನ್ನೂ ಮುಚ್ಚಿಸಿದೆ. ಆ ಮುದುಕಿಗೆ ಇದು ಎರಡನೆಯ ಸಲ.

ಹೋದ ಭಾನುವಾರ ತಾಳವಾಡಿಯಿಂದ ಇವರ ಅಕ್ಕ ಬಂದು ಕೂಸನ್ನು ಕರೆದುಕೊಂಡು ಹೋದರು. ಬಟ್ಟೆ, ಹಾಲಿನ ಪುಡಿ ಡಬ್ಬ, ಎಲ್ಲ ಕಟ್ಟಿಕೊಟ್ಟೆ. ಅವರ ಸೊಂಟದ ಮೇಲೆ ಕೂತು ನಗುತ್ತಾ ಹೋಯಿತು. ನನಗೆ ಇನ್ನೂ ಹಾಲು ಬರುತ್ತಿದೆ, ಬಟ್ಟೆ ನೆನೆಯುತ್ತದೆ. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ.

ತಪ್ಪನ್ನೆಲ್ಲ ನಿನ್ನ ಮೇಲೆ ಹಾಕಲು ಹೋದರೆ ಹಾಕಬಹುದು. ಹಾಕುತ್ತಿಲ್ಲ. ಆದರೆ ಸ್ವಲ್ಪ ದಿನ ನನಗೆ ಬರೆಯಬೇಡ.

ಶೃತಿ


ಯಳಂದೂರು
19 ಮೇ 2024

ಶೃತಿ,

ಬರೆಯಬೇಡ ಅಂದಿದ್ದೀಯ. ಸುಮಾರು ಒಂದು ತಿಂಗಳು ಸುಮ್ಮನಿದ್ದೆ. ಇದನ್ನು ನೀನು ಓದದೆ ಪಕ್ಕಕ್ಕಿಟ್ಟರೂ ಸರಿ, ಬರೆಯಲೇಬೇಕಾದದ್ದು ಒಂದಿದೆ.

ಕೂಸನ್ನು ಎತ್ತಿ ಇಳಿಸಲು ಬರುತ್ತಿದ್ದ ದೊಡ್ಡಮಾದಮ್ಮ ಅವತ್ತು ಗಿರಣಿಗೆ ಹೋಗಿದ್ದಳು. ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹೋಗಿದ್ದಳು, ಅದು ಉರುಳುತ್ತಾ ಉರುಳುತ್ತಾ ಜಗುಲಿಯ ಅಂಚಿಗೆ ಬಂತು. ನಾನು ಒಂದು ಮೊಳದ ದೂರದಲ್ಲಿದ್ದೆ. ಬೀಳುತ್ತದೆ ಅಂತ ಗೊತ್ತಾಯಿತು. ನನ್ನ ಕೈ ಮಡಿಲಲ್ಲೇ ಇತ್ತು. ಮುಟ್ಟಿದರೆ ಏನಾದರೂ ಆದೀತು ಅಂತ ಏಳು ವರ್ಷ ಕಲಿಸಿದ್ದೆನಲ್ಲ, ಕೈ ಅದನ್ನೇ ಕೇಳಿತು. ಬಿತ್ತು.

ಬಿದ್ದ ಮೇಲೆ ನಾನೇ ಎತ್ತಿದೆ. ಅದನ್ನು ನಿನಗೆ ಹೇಳಲು ಆಗಲಿಲ್ಲ, ನೀನು ಕೂಗುತ್ತಿದ್ದೆ. ಬೀದಿಯಲ್ಲಿ ಯಾರೂ ಇರಲಿಲ್ಲ, ಕೂಸು ಕಿರುಚುತ್ತಿತ್ತು. ಯಾವಾಗ ಇಳಿದೆನೋ, ಯಾವಾಗ ಬಾಚಿಕೊಂಡೆನೋ ಗೊತ್ತಿಲ್ಲ. ತಣ್ಣೀರು ಬಟ್ಟೆ ಒತ್ತಿದೆ. ನನ್ನ ಕುತ್ತಿಗೆಗೆ ಮುಖ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ದೊಡ್ಡಮಾದಮ್ಮ ಬರುವವರೆಗೆ, ಎರಡು ಗಂಟೆ ಹೊತ್ತು, ನನ್ನ ಹೆಗಲ ಮೇಲೇ ಇತ್ತು. ತೂಕ ಚೆನ್ನಾಗಿದೆ. ಕಿವಿಯ ಹಿಂದೆ ನಿನ್ನ ವಾಸನೆಯೇ. ತೋಳು ಸೋತರೂ ಬಿಡಲಿಲ್ಲ.

ಒಂದು ದಿನ ಮೊದಲು ಎತ್ತಿದ್ದರೆ ಕೂಸು ಈಗ ನಿನ್ನ ಹತ್ತಿರ ಇರುತ್ತಿತ್ತು. ಇದನ್ನು ನೀನು ಹೇಳಬೇಕಾಗಿಲ್ಲ, ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಹಿಂದೆ ಎಣ್ಣೆ ಬಿಟ್ಟದ್ದಕ್ಕೆ ಬೈದುಕೊಳ್ಳುತ್ತಿದ್ದೆ, ಈಗ ಎತ್ತದೆ ಇದ್ದದ್ದಕ್ಕೆ. ಆ ಬೈಗುಳ ಕೇಳಿ ಕೇಳಿಯೇ ಕೈ ಹಾಗಾಯಿತು ಅಂತ ಈಗ ತಿಳಿಯುತ್ತಿದೆ. ತಡವಾಗಿ ತಿಳಿಯಿತು.

ತಾಳವಾಡಿಗೆ ಹೋಗಿ ಕೂಸನ್ನು ನೋಡಿಬರಲು ನಿಮ್ಮಪ್ಪ ಕರೆದ. ಬೇಡ ಅಂದೆ. ಅವರೂ ಈಗಷ್ಟೇ ಹೊಂದಿಕೊಳ್ಳುತ್ತಿದ್ದಾರೆ, ಕೂಸೂ ಹೊಂದಿಕೊಳ್ಳಲಿ. ನನ್ನನ್ನು ಮತ್ತೆ ನಂಬು ಅಂತ ನಿನ್ನನ್ನು ಕೇಳಲು ನನಗೆ ಮುಖವಿಲ್ಲ. ನಾಗಶ್ರೀ ಕ್ಷಮಿಸುವುದಿಲ್ಲ, ಅದು ಅವಳ ಇಷ್ಟ. ನೀನೂ ಕ್ಷಮಿಸದೆ ಇರಬಹುದು. ಇನ್ನು ಯಾರ ಹತ್ತಿರವೂ ಕೇಳಿಕೊಂಡು ಹೋಗುವುದಿಲ್ಲ.

ಒಂದೇ ಒಂದು ಕೆಲಸ ಮಾಡಿದ್ದೇನೆ. ನಾಗಶ್ರೀ ಕೂಸು ಹೋದ ಮೇಲೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡಿರಲಿಲ್ಲ. ಹಬ್ಬವಾಗಲಿ, ಜ್ವರ ಬಿಟ್ಟ ದಿನವಾಗಲಿ, ತಣ್ಣೀರ ಸ್ನಾನವೇ. ನಿಮ್ಮಪ್ಪ ಕೇಳಿದರೆ ಬಿಸಿನೀರು ಉಷ್ಣ ಅಂದಿದ್ದೆ. ಇವತ್ತು ಬೆಳಿಗ್ಗೆ ಅವನು ಅಂಗಡಿಗೆ ಹೋದ ಮೇಲೆ ಹಂಡೆಗೆ ಉರಿ ಹಾಕಿದೆ. ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತೆ. ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ಹಾಗೇ ಇದ್ದೆ. ಆಮೇಲೆ ನೆತ್ತಿಯ ಮೇಲೆ ಇಟ್ಟುಕೊಂಡು ತಟ್ಟಿದೆ. ನೀರು ಹುಯ್ದುಕೊಳ್ಳುವಾಗ ಅಳು ಬಂತು. ಆಗ ನನ್ನ ಬಾಯಿ ತಾನಾಗಿಯೇ, ಕಾಲ ಮೇಲೆ ಮಲಗಿದ ಕೂಸುಗಳಿಗೆ ಹೇಳುತ್ತಿದ್ದದ್ದನ್ನೇ ಹೇಳಿತು: "ಕಣ್ಣು ಮುಚ್ಕ ನನ್ನವ್ವ, ಎದುರ್ಕಬ್ಯಾಡ. ಆಯ್ತು, ಆಯ್ತು. ಇನ್ನೊಂದೇ ಚೊಂಬು."

ನಿನ್ನ ಅವ್ವ,
ಬಸವಮ್ಮ